ಸಹಾಯ ಬೇಕು: ಹಳೆಯ ಚರ್ಚ್ ಅಂಗಳದ ಸಮಾಧಿ ಬರಹಗಳ ದಾಖಲಾತಿಗೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ನಾನು ವಾಸವಾಗಿರುವ ಹಳ್ಳಿಯ ಪ್ಯಾರಿಷ್ ಚರ್ಚಿನ ಅಂಗಳದಲ್ಲಿರುವ ಸಮಾಧಿ ಕಲ್ಲುಗಳ ಬರಹವನ್ನು, ಪಾದ್ರಿಗಳ ಅನುಮತಿ ಪಡೆದು, ನಾವು ನಾಲ್ವರು ಸ್ವಯಂಸೇವಕರು ಸಾಲು ಹಿಡಿದು ದಾಖಲಿಸುತ್ತಿದ್ದೇವೆ.

ಇಲ್ಲಿಯದೇ ಆದ ಸ್ವಿತ್‌ಲ್ಯಾಂಡ್ ಸ್ಲೇಟ್ ಎಂಬ ಕಲ್ಲಿನ ಮೇಲೆ 18ನೇ ಶತಮಾನದಲ್ಲಿ ಕೊರೆದ ಅಕ್ಷರಗಳು ನಿನ್ನೆ ಕೆತ್ತಿದಷ್ಟು ಚೂಪಾಗಿವೆ. ಆದರೆ ಮರಳುಗಲ್ಲಿನ ಮೇಲ್ಪದರವು ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದು, ಕಳೆದ ಚಳಿಗಾಲದ ನಂತರ ಒಂದು ಕಲ್ಲಿನಲ್ಲಿ ‘ವಿಧವೆ’ ಎಂಬ ಪದವಷ್ಟೇ ಉಳಿದು, ಗಂಡನ ಹೆಸರೂ ಆಕೆಯ ಹೆಸರೂ ಅಳಿಸಿಹೋಗಿವೆ. ಅದನ್ನು ಕಂಡಂದಿನಿಂದ ಈ ಕೆಲಸ ಇನ್ನು ತಡವಾಗಬಾರದೆಂದು ನನ್ನ ಮನಸ್ಸು ತುಡಿಯುತ್ತಿದೆ.

ಕಲ್ಲುಹೂವನ್ನು ಕೆರೆಯುವುದು, ತಂತಿಯ ಬ್ರಷ್ಷು, ಬ್ಲೀಚು ಅಥವಾ ಸೀಮೆಸುಣ್ಣ ಬಳಸುವುದು ಕಲ್ಲಿಗೆ ಹಾನಿಕರವಾದ್ದರಿಂದ, ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಿ, ನೆರಳಿನಲ್ಲಿ ಎದ್ದು ಕಾಣುವ ಅಕ್ಷರಗಳನ್ನು ಓದುತ್ತೇವೆ. ಇದರಿಂದಲೂ ಓದಲಾಗದ ಹನ್ನೆರಡು ಕಲ್ಲುಗಳಿವೆ. ನಮ್ಮ ನಾಡಿನ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿದ ಅನುಭವವಿರುವವರು, ಸಾಮಾನ್ಯ ಮೊಬೈಲ್ ಕ್ಯಾಮೆರಾದಿಂದ ಇದು ಸಾಧ್ಯವೇ, ಎಷ್ಟು ಕೋನಗಳಿಂದ ಚಿತ್ರ ತೆಗೆಯಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಇನ್ನೊಂದು ತೊಡಕು ದಿನಾಂಕಗಳದ್ದು. 1752ಕ್ಕಿಂತ ಮೊದಲು ಇಲ್ಲಿ ಅಧಿಕೃತ ವರ್ಷವು ಮಾರ್ಚ್ 25ರಂದು ಆರಂಭವಾಗುತ್ತಿದ್ದುದರಿಂದ, ‘ಫೆಬ್ರವರಿ 1723/4’ (ಹಳೆಯ ಲೆಕ್ಕದಲ್ಲಿ 1723, ಜನವರಿಯಿಂದ ಎಣಿಸಿದರೆ 1724) ಎಂಬಂತಹ ಜೋಡಿ ವರ್ಷಗಳು ಕಲ್ಲುಗಳ ಮೇಲಿವೆ; ಎಕ್ಸೆಲ್ ಇವನ್ನು ದಿನಾಂಕವೆಂದು ಒಪ್ಪುವುದಿಲ್ಲ. ಕಲ್ಲಿನಲ್ಲಿರುವುದನ್ನು ಇದ್ದಂತೆಯೇ ಉಳಿಸಿಕೊಂಡು, ವರ್ಷವಾರು ಹುಡುಕಲು ಅನುಕೂಲವಾಗುವಂತೆ ಪಟ್ಟಿಯನ್ನು ರೂಪಿಸಿಕೊಡಬಲ್ಲವರು ಬೇಕಾಗಿದ್ದಾರೆ.

ಲೆಸ್ಟರ್ ಸುತ್ತಮುತ್ತ ಇರುವ ಕನ್ನಡಿಗರು ಶನಿವಾರ ಬೆಳಗ್ಗೆ ಎರಡು ಗಂಟೆ ಬಿಡುವು ಮಾಡಿಕೊಂಡು ಬಂದರೂ ದೊಡ್ಡ ಉಪಕಾರವಾಗುತ್ತದೆ. ಒಬ್ಬರು ಓದಿದ್ದನ್ನು ಇನ್ನೊಬ್ಬರು ಕಲ್ಲಿನೊಂದಿಗೆ ತಾಳೆ ನೋಡಲೇಬೇಕಾಗುತ್ತದೆ.