ಪೋರ್ಟ್ ರಾಯಲ್: ಬೆಂಗ್ರೆಯೋ, ಕೋಡಿಯೋ? ಮುಳುಗಿತೋ, ಹೂತಿತೋ?

ಎಲ್ಲರಿಗೂ ನಮಸ್ಕಾರ. ಜಮೈಕಾದ ಪೋರ್ಟ್ ರಾಯಲ್ ಬಗ್ಗೆ ಮಕ್ಕಳಿಗೊಂದು ಬರಹ ಮಾಡುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ತಡವರಿಸಿದ್ದೇನೆ.

ಮೊದಲನೆಯದು ಊರು ಕೂತ ಜಾಗದ್ದು. ಕಿಂಗ್‌ಸ್ಟನ್ ಬಂದರಿಗೆ ಅಡ್ಡವಾಗಿ ಸುಮಾರು 13 ಕಿ.ಮೀ. ಉದ್ದದ ಮರಳುಪಟ್ಟಿ ಚಾಚಿಕೊಂಡಿದೆ. ಹೆಸರು ಪ್ಯಾಲಿಸೇಡೋಸ್. ಒಂದು ಬದಿ ಕೆರಿಬಿಯನ್ ಕಡಲು, ಇನ್ನೊಂದು ಬದಿ ಬಂದರಿನ ಶಾಂತ ನೀರು. ಪಡುವಣ ತುದಿಯಲ್ಲಿ ಈ ಮೀನುಗಾರರ ಊರು. ನಿಘಂಟಿನಲ್ಲಿ 'ಭೂಶಿರ' ಸಿಕ್ಕಿತು. ಹೊಂದಲಿಲ್ಲ, ಭೂಶಿರ ಅಂದರೆ ನನಗೆ ಬಂಡೆಯೇ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಇಂಥದ್ದಕ್ಕೆ ಬೆಂಗ್ರೆ ಅನ್ನುತ್ತಾರೆ, ಅಲ್ವಾ? ಮಂಗಳೂರಿನ ಕಸಬಾ ಬೆಂಗ್ರೆ, ಉಡುಪಿ ಕಡೆಯ ಕೋಡಿ ಬೆಂಗ್ರೆ ಎರಡೂ ಹೊಳೆಗೂ ಕಡಲಿಗೂ ನಡುವಿನ ಮರಳಿನ ಮೇಲಿವೆ. ಬರೀ 'ಕೋಡಿ' ಅನ್ನೋಣವೆಂದರೆ ಬಯಲುಸೀಮೆಯ ಹುಡುಗನಿಗೆ ತುಂಬಿದ ಕೆರೆ ನೆನಪಾಗುತ್ತದೆ. ನನ್ನ ಓಟು ಬೆಂಗ್ರೆಗೆ. ಆದರೆ ಒಳಬದಿಯಲ್ಲಿ ಹೊಳೆಯ ಬದಲು ಬಂದರಿದ್ದರೂ ಬೆಂಗ್ರೆ ಅನ್ನಬಹುದಾ? ಕರಾವಳಿಯವರೇ ಹೇಳಬೇಕು.

ಎರಡನೆಯದು ಇನ್ನೂ ಕಷ್ಟ. 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ಜಮೈಕಾ ಕಿತ್ತುಕೊಂಡ ಮೇಲೆ ಈ ಮರಳಿನ ಮೇಲೆ ಇಟ್ಟಿಗೆಯ ಮಹಡಿ ಮನೆಗಳು ಎದ್ದವು. ಕಡಲ್ಗಳ್ಳರ ದುಡ್ಡು ಜಾಸ್ತಿ ಓಡಾಡುತ್ತಿದ್ದ ಪೇಟೆ ಅದು. 1692ರ ಜೂನ್ 7ರಂದು, ಮಧ್ಯಾಹ್ನಕ್ಕೆ ಮುಂಚೆ, ಭೂಕಂಪ. ಊರಿನ ಮೂರರಲ್ಲಿ ಎರಡು ಪಾಲು ಕಡಲು ಸೇರಿತು. ಅಂದೇ ಸುಮಾರು 2,000 ಜನ ಸತ್ತರು.

ಮೊದಲು 'ಮುಳುಗಿತು' ಅಂತ ಬರೆದೆ, ಆಮೇಲೆ ಹೊಡೆದುಹಾಕಿದೆ. ಮುಳುಗಿತು ಅಂದರೆ ನೀರು ಏರಿ ಬಂದ ಹಾಗೆ. ಅಲ್ಲಿ ಕಾಲ ಕೆಳಗಿನ ಹಸಿ ಮರಳೇ ಅದುರಿ ಗಂಜಿಯಾಗಿ ಮನೆಗಳು ಇಳಿದುಹೋದವು. ಅದುರು ನಿಂತಾಗ ಅದೇ ಮರಳು ಗಟ್ಟಿಯಾಗಿ, ಸಿಕ್ಕಿಬಿದ್ದವರನ್ನು ಹಿಡಿದುಕೊಂಡಿತು. ಪುಸ್ತಕದ ಮಾತು 'ದ್ರವೀಕರಣ'. ಓದಿದರೆ ಗ್ಯಾಸ್ ಸಿಲಿಂಡರ್ ನೆನಪಾಗುತ್ತದೆ! ಅಲೆ ಬಂದು ಹೋಗುವ ಕಡೆ ನಿಂತು ಸುಮ್ನೆ ಹಿಮ್ಮಡಿ ಆಡಿಸಿ ನೋಡಿ. ಮರಳು ಸಡಿಲಾಗಿ ಪಾದ ಇಳಿಯುತ್ತದೆ, ನಿಲ್ಲಿಸಿದರೆ ಬಿಗಿಯುತ್ತದೆ. ಇದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? 'ಹುದುಲು' ಇದೆ, ಆದರೆ ಅದು ಮೊದಲಿಂದಲೂ ಮೆತ್ತಗಿರುವ ನೆಲ. ಸದ್ಯಕ್ಕೆ 'ಹೂತುಹೋಯಿತು' ಅಂತ ಇಟ್ಟಿದ್ದೇನೆ, ಕೆಸರಲ್ಲಿ ಗಾಡಿಯ ಚಕ್ರ ಹೂತ ಹಾಗೆ.

ಇನ್ನೊಂದು ಚಿಕ್ಕದು. 1880ರ ದಶಕದಲ್ಲಿ ಅಲ್ಲಿ ಕಟ್ಟಿದ ಮದ್ದುಗುಂಡಿನ ಕೋಣೆಯೊಂದು 1907ರ ಭೂಕಂಪದಲ್ಲಿ ಅರ್ಧ ಹೂತು, ಓರೆಯಾಗಿ ನಿಂತುಬಿಟ್ಟಿದೆ. ಒಳಗೆ ಹೋದವರಿಗೆ ತಲೆ ತಿರುಗುತ್ತದೆ ಅಂತ ಅದಕ್ಕೆ 'ಗಿಡಿ ಹೌಸ್' ಅನ್ನುತ್ತಾರೆ. ನಾನು 'ವಾಲುಮನೆ' ಮಾಡಿದ್ದೇನೆ. ಕಿವಿಗೆ ಹಿತವಾಗಿಲ್ಲದಿದ್ದರೆ ಹೇಳಿ, ಬೇಜಾರಿಲ್ಲ.