ಆಫೀಸಿನ ಬೀಳ್ಕೊಡುಗೆ ಊಟ ಚೈನೀಸ್ ಹೋಟೆಲಿನಲ್ಲಿ: ನಿಮ್ಮ ಅನುಭವ ಹೇಳಿ

ನಮಸ್ಕಾರ ಎಲ್ಲರಿಗೂ. ಒಂದು ಸಲಹೆ ಬೇಕಿತ್ತು. ಜಯನಗರದ ಒಂದು ಸಣ್ಣ ಆಡಿಟ್ ಆಫೀಸಿನಲ್ಲಿ ಎಂಟು ವರ್ಷ ಕೆಲಸ ಮಾಡಿದ್ದೇನೆ. ಅಮ್ಮನಿಗೆ ಹುಷಾರಿಲ್ಲ, ಅದಕ್ಕೆ ಮೈಸೂರಿಗೆ ವಾಪಸ್ ಹೋಗುತ್ತಿದ್ದೇನೆ, ಈ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ. ನಾವು ಒಟ್ಟು ಹನ್ನೊಂದು ಜನ. ಸಂಬಳ ಬಂದ ವಾರ ಒಂದು ಮಧ್ಯಾಹ್ನ ಎಲ್ಲರೂ ಸೇರಿ ಹತ್ತಿರದ ಚೈನೀಸ್ ಹೋಟೆಲಿಗೆ ಹೋಗುವುದು ನಮ್ಮ ಅಭ್ಯಾಸ. ನಾನು ಸೇರಿದ ಮೊದಲ ತಿಂಗಳೂ ಅಲ್ಲೇ ಊಟ ಮಾಡಿದ್ದು. ಬೀಳ್ಕೊಡುಗೆ ಊಟವೂ ಅಲ್ಲೇ ಆಗಲಿ ಅಂತ ಎಲ್ಲರ ಆಸೆ, ನನ್ನದೂ ಅದೇ.

ಆದರೆ ತಲೆ ತುಂಬಾ ಪ್ರಶ್ನೆ. ದುಡ್ಡು ನಾನು ಕೊಡಬೇಕಾ, ಅವರಾ? ನಾಲ್ಕು ಜನ ಸಸ್ಯಾಹಾರಿಗಳು, ಅದರಲ್ಲಿ ಒಬ್ಬರು ಜೈನರು, ಈರುಳ್ಳಿ ಬೆಳ್ಳುಳ್ಳಿಯೂ ಮುಟ್ಟುವುದಿಲ್ಲ. ಆಮೇಲೆ ಎಲ್ಲರ ಮುಂದೆ "ಎರಡು ಮಾತಾಡಿ" ಅಂದರೆ ನನಗೆ ಅಳು ಬಂದುಬಿಡುತ್ತದೆ. ಇಂಥ ಊಟ ಮಾಡಿದವರು, ಮಾಡಿಸಿದವರು ದಯವಿಟ್ಟು ಹೇಳಿ.

ವೈಟ್‌ಫೀಲ್ಡ್‌ನಿಂದ

ಮೇಡಂ, ಮೊದಲನೇ ಮಾತು, ಕೊನೆಯ ದಿನ ಊಟ ಇಟ್ಟುಕೊಳ್ಳಬೇಡಿ. ನಾನು ಹಿಂದಿನ ಕಂಪನಿ ಬಿಟ್ಟಾಗ ಅದೇ ತಪ್ಪು ಮಾಡಿದೆ. ಲ್ಯಾಪ್‌ಟಾಪ್ ವಾಪಸ್ ಕೊಡು, ಐಡಿ ಕಾರ್ಡ್ ಕೊಡು, ಅಲ್ಲೊಂದು ಸಹಿ ಇಲ್ಲೊಂದು ಸಹಿ ಅಂತ ಓಡಾಡಿ ಹೋಟೆಲ್ ಮುಟ್ಟುವಾಗ ಮೂರು ಗಂಟೆ ಆಗಿತ್ತು. ಟೀಮಿನವರು ಒಂದೂವರೆಯಿಂದ ಸೂಪ್ ಕುಡಿದು ಕೂತಿದ್ದರು. ಮೂರೂಕಾಲಿಗೆ ಲಾಸ್ಟ್ ಆರ್ಡರ್ ಅಂದರು, ಅಡುಗೆಮನೆ ಮುಚ್ಚುತ್ತದೆ, ಮತ್ತೆ ಸಂಜೆ ಏಳಕ್ಕೇ ಅಂತೆ. ನಾನು ಫ್ರೈಡ್ ರೈಸ್ ನುಂಗಿ ಎದ್ದೆ. ಐದು ವರ್ಷ ಜೊತೆಗಿದ್ದವರ ಹತ್ತಿರ ನೆಟ್ಟಗೆ ಮಾತಾಡಲೂ ಆಗಲಿಲ್ಲ. ಇವತ್ತಿಗೂ ಬೇಜಾರಿದೆ. ಅದಕ್ಕೇ ಹೇಳುತ್ತೇನೆ, ಮೂರು ನಾಲ್ಕು ದಿನ ಮುಂಚೆ ಇಟ್ಟುಕೊಳ್ಳಿ.

ದುಡ್ಡಿನ ವಿಷಯ. ಎರಡೂ ಪದ್ಧತಿ ಇದೆ, ಯಾವುದೂ ತಪ್ಪಲ್ಲ. ನಮ್ಮ ಟೀಮಿನಲ್ಲಿ ಹೋಗುವವರಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ, ಉಳಿದವರು ಹಂಚಿಕೊಳ್ಳುತ್ತೇವೆ. ಹೋಗುವವರಿಗೆ ಏನಾದರೂ ಕೊಡಲೇಬೇಕು ಅನ್ನಿಸಿದರೆ ಮಾರನೇ ದಿನ ಆಫೀಸಿಗೆ ಸ್ವೀಟ್ಸ್ ತರುತ್ತಾರೆ. ಹಂಚಿಕೊಳ್ಳುವಾಗ ಎಲ್ಲರಿಗೂ ಸಮ ಹಾಕಬೇಡಿ. ಆಫೀಸ್ ಬಾಯ್‌ಗೂ ಹೊಸದಾಗಿ ಸೇರಿದ ಟ್ರೇನಿಗೂ ಆರುನೂರು ರೂಪಾಯಿ ಅಂದರೆ ದೊಡ್ಡ ದುಡ್ಡು, ಅವರು ಬಾಯಿಬಿಟ್ಟು ಹೇಳುವುದಿಲ್ಲ, ಏನೋ ನೆಪ ಹೇಳಿ ಊಟಕ್ಕೇ ಬರುವುದಿಲ್ಲ. ಅವರ ಪಾಲನ್ನು ಸೀನಿಯರ್‌ಗಳು ಸದ್ದಿಲ್ಲದೆ ಹಾಕಿಕೊಳ್ಳಲಿ. ಊಟಕ್ಕೆ ಮುಂಚೆಯೇ ಒಬ್ಬರ ಕೈಗೆ ದುಡ್ಡು ಸೇರಿರಲಿ. ಬಿಲ್ ಬಂದ ಮೇಲೆ ಹನ್ನೊಂದು ಜನ ಫೋನ್ ತೆಗೆದು ಲೆಕ್ಕ ಹಾಕುತ್ತಾ ಕೂತರೆ ಆ ಕೊನೆಯ ಹತ್ತು ನಿಮಿಷ ಹಾಳಾಗುತ್ತದೆ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇದೆಯಾ ನೋಡಿ. ಅದನ್ನು ತಾನಾಗಿ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೆಗೆಸಿ, ಬಡಿಸಿದವರ ಕೈಗೇ ಟಿಪ್ಸ್ ಕೊಡಿ.

ಹೋಟೆಲ್ ಕ್ಯಾಪ್ಟನ್, ಊರು ಕುಂದಾಪುರ

ನಾನು ಬೆಂಗಳೂರಿನ ಚೈನೀಸ್ ಹೋಟೆಲಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಮೊದಲು ಸ್ಟೀವರ್ಡ್, ಅಂದರೆ ಬಡಿಸುವವನು, ಈಗ ಬಡಿಸುವವರನ್ನು ನೋಡಿಕೊಳ್ಳುವ ಕ್ಯಾಪ್ಟನ್. ತಿಂಗಳ ಕೊನೆಯ ವಾರ ಇಂಥ ಟೇಬಲ್ ದಿನಕ್ಕೆ ಒಂದಾದರೂ ಇರುತ್ತದೆ. ಅಡುಗೆಮನೆ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಎರಡು ದಿನ ಮುಂಚೆ ಫೋನ್ ಮಾಡಿ, ಅಥವಾ ಬಂದೇ ಹೇಳಿ. ಹನ್ನೊಂದು ಜನಕ್ಕೆ ದುಂಡು ಟೇಬಲ್ ಇದೆಯಾ ಕೇಳಿ. ಉದ್ದನೆಯ ಟೇಬಲ್ ಆದರೆ ಈ ತುದಿಯವರು ಆ ತುದಿಯವರ ಮುಖವನ್ನೇ ನೋಡದೆ ಊಟ ಮುಗಿಸುತ್ತಾರೆ, ನಾನು ದಿನಾ ನೋಡುತ್ತೇನೆ. ದುಂಡು ಟೇಬಲ್ ಇಲ್ಲದಿದ್ದರೆ ನೀವು ತುದಿಯಲ್ಲಿ ಕೂರಬೇಡಿ, ಉದ್ದದ ಬದಿಯ ನಡುವೆ ಕೂತುಕೊಳ್ಳಿ.

ಆರ್ಡರನ್ನು ಒಬ್ಬರೇ ಕೊಡಿ. ಹನ್ನೊಂದು ಜನ ಹನ್ನೊಂದು ಥರ ಹೇಳಿದರೆ ಏನಾಗುತ್ತದೆ ಗೊತ್ತಾ? ಚೈನೀಸ್ ಅಡುಗೆ ದೊಡ್ಡ ಉರಿಯಲ್ಲಿ, ಒಂದು ಬಾಣಲೆಗೆ ಒಂದೋ ಎರಡೋ ಪ್ಲೇಟ್ ಅಂತ ಆಗುವ ಅಡುಗೆ. ಸಾಂಬಾರ್ ಥರ ಒಂದೇ ಸಲ ಹಂಡೆಯಲ್ಲಿ ಮಾಡಿ ಬಡಿಸಲು ಬರುವುದಿಲ್ಲ. ಹನ್ನೊಂದು ಬೇರೆ ಐಟಂ ಬಂದರೆ ಮೊದಲನೆಯದು ಆರುವಾಗ ಕೊನೆಯದು ಇನ್ನೂ ಬಾಣಲೆಗೇ ಬಿದ್ದಿರುವುದಿಲ್ಲ. ಐಟಂ ಕಡಿಮೆ, ಪ್ಲೇಟ್ ಜಾಸ್ತಿ, ಇದೇ ಸರಿ. ನಿಮ್ಮ ಜನಕ್ಕೆ ನನ್ನ ಲೆಕ್ಕ: ಸೂಪ್ ಆರು, ಎಲ್ಲ ಒನ್ ಬೈ ಟೂ. ಸ್ಟಾರ್ಟರ್ ನಾಲ್ಕು ಬಗೆ, ತಲಾ ಎರಡು ಪ್ಲೇಟ್. ಆಮೇಲೆ ರೈಸ್ ಮೂರು, ನೂಡಲ್ಸ್ ಎರಡು, ಗ್ರೇವಿ ಮೂರು, ಅಷ್ಟು ಸಾಕು. ಜನ ರೈಸ್ ಜಾಸ್ತಿ ಹೇಳಿ ಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ರೈಸನ್ನು ಸ್ಟಾರ್ಟರ್ ಮುಗಿದ ಮೇಲೆ ಹೇಳಿ.

ಸಸ್ಯಾಹಾರದ ವಿಷಯ ಗಟ್ಟಿಯಾಗಿ ಹೇಳುತ್ತೇನೆ, ಇದರಲ್ಲಿ ಸಂಕೋಚ ಬೇಡ. ವೆಜ್ ಸೂಪಿಗೆ ಚಿಕನ್ ಸ್ಟಾಕ್ ಹಾಕುತ್ತೀರಾ ಕೇಳಿ. ಆಯ್ಸ್ಟರ್ ಸಾಸ್ ಅಂದರೆ ಸಮುದ್ರದ ಸಿಂಪಿಯದು, ಫಿಶ್ ಸಾಸ್ ಅಂದರೆ ಮೀನಿನದು. ನೂಡಲ್ಸ್‌ನಲ್ಲಿ ಮೊಟ್ಟೆ ಇದೆಯಾ ಕೇಳಿ. ಬಾಣಲೆ ಬೇರೆ ಬೇಕು ಅಂದರೆ ಮೊದಲೇ ಹೇಳಿದರೆ ನಮಗೂ ಅನುಕೂಲ. ಜೈನರಿಗೆ ಷೆಜ್ವಾನ್, ಮಂಚೂರಿ ಎರಡೂ ಆಗುವುದಿಲ್ಲ. ಷೆಜ್ವಾನ್ ಸಾಸ್ ಬೆಳಿಗ್ಗೆಯೇ ಬೆಳ್ಳುಳ್ಳಿ ಹಾಕಿ ಕುದಿಸಿ ಇಟ್ಟಿರುತ್ತಾರೆ, ಆಮೇಲೆ ಅದನ್ನು ತೆಗೆಯಲು ಬರುತ್ತದಾ? ಆದರೆ ಸ್ವೀಟ್ ಕಾರ್ನ್ ಸೂಪ್, ಕರಿದ ಬೇಬಿ ಕಾರ್ನ್‌ಗೆ ಉಪ್ಪು ಕಾಳುಮೆಣಸು, ಸೋಯಾ ಹಾಕಿ ಹುರಿದ ತರಕಾರಿ ಮತ್ತು ಅನ್ನ, ಇವನ್ನು ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಚೆನ್ನಾಗಿಯೇ ಮಾಡಿಕೊಡಬಹುದು. ಅವರ ಪ್ಲೇಟ್ ಎಲ್ಲರ ಜೊತೆಯೇ ಬರಲಿ ಅಂತ ಹೇಳಿ. ಎಲ್ಲರೂ ತಿನ್ನುವಾಗ ಒಬ್ಬರು ಸುಮ್ನೆ ನೀರು ಕುಡಿಯುತ್ತಾ ಕೂರುವುದು ನೋಡಲು ಆಗುವುದಿಲ್ಲ.

ಗೋಬಿ ಮಂಚೂರಿ ಕೆಂಪಗಿಲ್ಲ ಅಂತ ದಯವಿಟ್ಟು ಬೇಜಾರು ಮಾಡಬೇಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ, ರೋಡಮೈನ್-ಬಿ ಅಂಥ ರಾಸಾಯನಿಕ ಬಣ್ಣ ಹೊಟ್ಟೆಗೆ ಹೋಗಲೇಬಾರದು. ಕಂದು ಬಣ್ಣದ್ದೇ ಒಳ್ಳೆಯದು.

ಮಿಲ್ಪಿಟಾಸ್, ಕ್ಯಾಲಿಫೋರ್ನಿಯಾ

ನಾನು ಶಿರಸಿ ಕಡೆಯವಳು. ಇಲ್ಲಿ ಟೀಮಿನಲ್ಲಿ ಅರ್ಧ ಜನ ಚೀನಾದವರು. ಕಳೆದ ವರ್ಷ ನಾನು ಕೆಲಸ ಬದಲಿಸಿದಾಗ ಅವರೇ ನನ್ನನ್ನು ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಯ ಒಂದು ಹೋಟೆಲಿಗೆ ಕರೆದುಕೊಂಡು ಹೋದರು. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ಇಲ್ಲಿ ತರಕಾರಿ ಹೆಸರು ನೋಡಿ ನಂಬುವ ಹಾಗಿಲ್ಲ, ಮಾಪೊ ತೋಫು, ಹುರಿದ ಹುರುಳಿಕಾಯಿ ಎರಡರಲ್ಲೂ ಸಾಮಾನ್ಯವಾಗಿ ಕೊಚ್ಚಿದ ಹಂದಿ ಮಾಂಸ ಇರುತ್ತದೆ. "ಮೀನಿನ ಪರಿಮಳದ ಬದನೆಕಾಯಿ" ಅಂತ ಒಂದಿದೆ, ಅದರಲ್ಲಿ ಮೀನು ಇಲ್ಲವೇ ಇಲ್ಲ, ಆದರೆ ಹಂದಿ ಇರಬಹುದು! ನನ್ನ ಪಕ್ಕ ಕೂತಿದ್ದ ಅಕ್ಕ (ಅವರಿಗೆ ಐವತ್ತೈದು, ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ, ಅರ್ಥ ಹೇಳಿಕೊಟ್ಟಿದ್ದೆ) ಅಡುಗೆಯವರ ಹತ್ತಿರ ಹೋಗಿ ಚೀನೀ ಭಾಷೆಯಲ್ಲಿ ಒಂದೊಂದನ್ನೂ ವಿವರಿಸಿ ಬಂದರು.

ಸಿಚುವಾನ್ ಮೆಣಸು ಬಾಯಿಗೆ ಬಿದ್ದ ಕೂಡಲೇ ನನಗೆ ಊರು ನೆನಪಾಯಿತು. ನಮ್ಮ ಜುಮ್ಮಿನಕಾಯಿ ಇದೆಯಲ್ಲ, ಕೊಂಕಣಿಯವರು ತೆಪ್ಪಲ್ ಅನ್ನುತ್ತಾರೆ, ಅದೇ ಜಾತಿಯ ಗಿಡ. ಅದೇ ಜುಮ್ ಅನ್ನುವ ನಾಲಿಗೆ. ಅವರಿಗೆ ಹೇಳಿದರೆ ನಂಬಲಿಲ್ಲ, ಫೋಟೋ ತೋರಿಸಿದೆ. ಆಮೇಲೆ ಅರ್ಧ ಗಂಟೆ ಅದೇ ಮಾತು, ಯಾರ ಅಜ್ಜಿ ಏನು ಅಡುಗೆ ಮಾಡುತ್ತಿದ್ದರು ಅಂತ. ನಾಲ್ಕು ವರ್ಷ ಒಟ್ಟಿಗೆ ಕೂತಿದ್ದೆವು, ಯಾರ ಅಜ್ಜಿಯ ಹೆಸರೂ ಗೊತ್ತಿರಲಿಲ್ಲ.

ಕೊನೆಗೆ ಒಂದು ತಟ್ಟೆ ಡಂಪ್ಲಿಂಗ್ ಬಂತು, ಎಲೆಕೋಸಿನದು, ನಾವು ಯಾರೂ ಹೇಳಿರಲಿಲ್ಲ. ಅಕ್ಕ ಉತ್ತರ ಚೀನಾದವರು. ಅಲ್ಲಿ ಊರು ಬಿಟ್ಟು ಹೊರಡುವವರಿಗೆ ಡಂಪ್ಲಿಂಗ್, ಬಂದು ಇಳಿದವರಿಗೆ ನೂಡಲ್ಸ್ ಕೊಡಬೇಕಂತೆ. ನೂಡಲ್ಸ್ ಉದ್ದ, ಹಗ್ಗದ ಹಾಗೆ ಕಾಲು ಕಟ್ಟಿ ಇಲ್ಲೇ ನಿಲ್ಲಿಸುತ್ತದೆ ಅಂತ ಅರ್ಥ, ಹೊರಟವರಿಗೆ ಅದನ್ನು ಕೊಡಬಾರದು. ಡಂಪ್ಲಿಂಗ್ ನೋಡಲು ಥೇಟ್ ನಮ್ಮ ಕರ್ಜಿಕಾಯಿ. ಮೇಡಂ, ನೀವೂ ಒಂದು ಬುಟ್ಟಿ ಹೇಳಿ.

ಉಡುಗೊರೆಯ ಬಗ್ಗೆಯೂ ಒಂದು ಮಾತು, ಚೀನೀ ಸಹೋದ್ಯೋಗಿ ಇರುವವರಿಗಾಗಿ. ನಮ್ಮ ಕಡೆ ಬೀಳ್ಕೊಡುಗೆ ಅಂದರೆ ಗೋಡೆ ಗಡಿಯಾರ, ಅಲ್ವಾ? ಅವರಲ್ಲಿ ಗಡಿಯಾರ ಕೊಡುವುದು ಅನ್ನುವ ಮಾತು, ಸತ್ತವರಿಗೆ ಕೊನೆಯ ಕ್ರಿಯೆ ಮಾಡುವುದು ಅನ್ನುವ ಮಾತಿನ ಹಾಗೇ ಕೇಳಿಸುತ್ತದೆ. ಕೊಡಲೇಬೇಡಿ. ಕೊಡೆಯೂ ಬೇಡ, ಅದು ಚದುರಿ ಹೋಗುವುದು ಅನ್ನುವ ಶಬ್ದಕ್ಕೆ ಹತ್ತಿರ.

ನಿವೃತ್ತ ಬ್ಯಾಂಕ್ ನೌಕರ, ಧಾರವಾಡ

ತಂಗಿ, ನಿಮ್ಮ ಅಳುವಿನ ಮಾತಿಗೆ ಮಾತ್ರ ಉತ್ತರ ಕೊಡುತ್ತೇನೆ, ಉಳಿದದ್ದನ್ನು ಬಲ್ಲವರು ಹೇಳಿದ್ದಾರೆ.

1995ರಿಂದ ಮೂರು ವರ್ಷ ನಾನು ಕೋಲ್ಕತ್ತಾದಲ್ಲಿದ್ದೆ. ಬ್ಯಾಂಕಿನವರಿಗೆ ವರ್ಗಾವಣೆ ಹೊಸದಲ್ಲ, ಆದರೆ ಆ ಶಾಖೆ ಬಿಟ್ಟು ಬರುವುದು ಬಹಳ ಕಷ್ಟವಾಯಿತು. ಬೀಳ್ಕೊಡುಗೆ ಊಟ ಟ್ಯಾಂಗ್ರಾದಲ್ಲಿ, ನಾವು ಯಾವಾಗಲೂ ಹೋಗುತ್ತಿದ್ದ ಒಂದು ಮನೆಯಂಥ ಹೋಟೆಲಿನಲ್ಲಿ. ಟ್ಯಾಂಗ್ರಾ ಅಂದರೆ ಹಕ್ಕಾ ಅನ್ನುವ ಸಮುದಾಯದ ಚೀನಿಯರು ತೊಗಲು ಹದ ಮಾಡುತ್ತಿದ್ದ ಜಾಗ. ಗಲ್ಲಿ ತುಂಬಾ ತೊಗಲಿನ ವಾಸನೆ, ಹೋಟೆಲ್ ಬಾಗಿಲು ದಾಟಿದರೆ ಶುಂಠಿ ಬೆಳ್ಳುಳ್ಳಿಯ ಘಮ. ಯಜಮಾನಿ ಹಿರಿಯ ಹೆಂಗಸು, ಬಂಗಾಳಿ ಚೆನ್ನಾಗಿ ಬರುತ್ತಿತ್ತು. 1962ರ ಯುದ್ಧದಲ್ಲಿ ಅವರ ಜನರಲ್ಲಿ ಎಷ್ಟೋ ಮಂದಿಯನ್ನು ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಇಟ್ಟಿದ್ದರು, ಆಮೇಲೆ ಬಹಳ ಕುಟುಂಬಗಳು ದೇಶ ಬಿಟ್ಟವು. ಆಕೆಯ ಇಬ್ಬರು ಮಕ್ಕಳೂ ಕೆನಡಾಕ್ಕೆ ಹೋಗಿದ್ದರು. ನಾನು ಎದ್ದು ನಿಂತು ಮಾತಾಡಲು ಹೋಗಿ ಗಂಟಲು ಕಟ್ಟಿ ಕೂತುಬಿಟ್ಟೆ. ಆಕೆ ಬಂದು ಏನೂ ಹೇಳದೆ ನನ್ನ ಬಟ್ಟಲಿಗೆ ಬಿಸಿ ಸೂಪ್ ಹಾಕಿ, ಹೆಗಲ ಮೇಲೆ ಕೈ ಇಟ್ಟು ಹೋದರು. ಯಾರೂ ಗಾಬರಿಯಾಗಲಿಲ್ಲ. ಅಳು ಬಂದರೆ ಬರಲಿ ತಂಗಿ, ಎಂಟು ವರ್ಷದ ಋಣ ಅದು.

ಆದರೆ ಒಂದು ಉಪಾಯವಿದೆ, ಆಮೇಲೆ ಕಲಿತದ್ದು. ಮಾತನ್ನು ಊಟದ ಕೊನೆಗೆ ಇಡಬೇಡಿ. ಆರ್ಡರ್ ಕೊಟ್ಟು ಸೂಪ್ ಬರುವವರೆಗೆ ಹತ್ತು ನಿಮಿಷ ಇರುತ್ತದಲ್ಲ, ಆಗ ಮುಗಿಸಿ. ಕೊನೆಗೆ ಇಟ್ಟರೆ ಊಟವಿಡೀ ಅದೇ ಚಿಂತೆ, ತುತ್ತು ಇಳಿಯುವುದಿಲ್ಲ. ಎದ್ದು ನಿಲ್ಲುವುದೂ ಬೇಡ, ಕೂತಲ್ಲೇ ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳಿ. "ಆ ಸಲ ಆಡಿಟ್ ಮುಗಿಯದೆ ರಾತ್ರಿ ಹತ್ತಾದಾಗ ನೀವು ನನ್ನನ್ನು ಬಸ್ ಹತ್ತಿಸಿ ಹೋದಿರಿ" ಅಂಥದ್ದು. ದೊಡ್ಡ ಮಾತು ಬೇಡ, ನಡೆದದ್ದನ್ನೇ ಹೇಳಿ. ಹನ್ನೊಂದರಲ್ಲಿ ನಿಮ್ಮನ್ನು ಬಿಟ್ಟರೆ ಹತ್ತು ಜನ, ಹತ್ತು ಮಾತು, ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವಳು, ಎರಡು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಊಟ ಆಯಿತು, ಕೊನೆಯ ದಿನಕ್ಕೆ ನಾಲ್ಕು ದಿನ ಮುಂಚೆ, ಬುಧವಾರ. ದುಂಡು ಟೇಬಲ್ ಇರಲಿಲ್ಲ, ನಾನು ಉದ್ದದ ಬದಿಯ ನಡುವೆ ಕೂತೆ, ಎಲ್ಲರ ಮುಖ ಕಾಣಿಸಿತು. ಬಿಲ್ ಏಳು ಸಾವಿರದ ಹತ್ತಿರ ಆಯಿತು. ನನಗೆ ಬಿಲ್ ತೋರಿಸಲೇ ಇಲ್ಲ, ಆಮೇಲೆ ಕೇಳಿ ತಿಳಿದುಕೊಂಡೆ. ಆಫೀಸ್ ಬಾಯ್ ಪಾಲನ್ನು ನಮ್ಮ ಸಾರ್ ಹಾಕಿದರಂತೆ. ಜೈನ್ ಮೇಡಂ ಇಷ್ಟು ವರ್ಷ ಅಲ್ಲಿ ಬರೀ ಸ್ವೀಟ್ ಕಾರ್ನ್ ಸೂಪ್ ಕುಡಿದು ಬರುತ್ತಿದ್ದರು, ಈ ಸಲ ಮೊದಲೇ ಹೇಳಿದ್ದಕ್ಕೆ ಅವರಿಗೆ ಬೇಬಿ ಕಾರ್ನ್, ತರಕಾರಿ, ಅನ್ನ ಎಲ್ಲ ಬಿಸಿಬಿಸಿ ಬಂತು. ಎಂಟು ವರ್ಷ ಯಾರೂ ಯಾಕೆ ಕೇಳಲಿಲ್ಲ ಅಂತ ನನಗೇ ಕೆಡುಕೆನಿಸಿತು.

ಧಾರವಾಡದ ಅಣ್ಣ, ಚೀಟಿ ಬರೆದುಕೊಂಡು ಹೋಗಿದ್ದೆ. ಆರನೆಯವರವರೆಗೆ ಸರಿಯಾಗಿ ಹೇಳಿದೆ, ಅಲ್ಲಿಗೆ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಹುಡುಗಿ ಚೀಟಿ ತೆಗೆದುಕೊಂಡು ಉಳಿದ ನಾಲ್ಕನ್ನು ಓದಿದಳು, ಅದರಲ್ಲಿ ಕೊನೆಯದು ಅವಳದೇ ಆಗಿತ್ತು. ಅಷ್ಟರಲ್ಲಿ ಸೂಪ್ ಬಂತು.

ಡಂಪ್ಲಿಂಗ್ ಎರಡು ಬುಟ್ಟಿ ಹೇಳಿದೆವು, ಯಾಕೆ ಅಂತ ಎಲ್ಲರಿಗೂ ಹೇಳಿದೆ. ಅಮ್ಮನಿಗೆ ವೆಜ್ ಹಕ್ಕಾ ನೂಡಲ್ಸ್ ಪಾರ್ಸೆಲ್ ಕಟ್ಟಿಸಿದ್ದರು. ನಾನು ಮೈಸೂರಿಗೆ ಹೋಗುವುದು ಭಾನುವಾರ ಅಂದರೂ ಕೇಳಲಿಲ್ಲ, ಅದನ್ನು ಅವತ್ತೇ ರಾತ್ರಿ ರೂಮಿನಲ್ಲಿ ನಾನೇ ತಿಂದೆ.