ಶಾಪಿಂಗ್ ಸೆಂಟರ್ ಬಂದರೆ ನಿಮಗೇನು ಕಷ್ಟ ಅಂತ ಕೇಳಿದ ಕಾರ್ತಿಕ್‌ಗೆ

ಕಾರ್ತಿಕ್, ನಿನ್ನ ಮೆಸೇಜ್ ನೋಡಿದೆ ಕಣಪ್ಪ. ನಮ್ಮ ರಸ್ತೆಯ ಹಳೇ ಟಾಕೀಸ್ ಒಡೆದು ಶಾಪಿಂಗ್ ಸೆಂಟರ್ ಕಟ್ಟುತ್ತಾರಂತೆ, ಅಂಗಡಿಯವರೆಲ್ಲ ಸೇರಿ ತಕರಾರು ಎತ್ತಿದ್ದೇವೆ. ಅದಕ್ಕೆ ನೀನು, "ಅತ್ತೆ, ಮಂತ್ರಿ ಸ್ಕ್ವೇರ್ ಮಾಲ್ ಬಂದ ಮೇಲೂ ಮಲ್ಲೇಶ್ವರದ ಎಂಟನೇ ಕ್ರಾಸ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಿಮ್ಮ ಹತ್ತಿರ ಒಳ್ಳೇ ಸಾಮಾನಿದ್ದರೆ ಗಿರಾಕಿ ಎಲ್ಲೂ ಹೋಗಲ್ಲ, ಸುಮ್ನೆ ಯಾಕೆ ವಿರೋಧ?" ಅಂತ ಕೇಳಿದ್ದೀಯ. ಭಾವನೂ ಸರಿ ಅಂದಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ಬಿಡಬೇಡಿ, ಪೂರ್ತಿ ಕೇಳಿ.

ಎಂಟನೇ ಕ್ರಾಸ್ ಬಗ್ಗೆ ನೀನು ಹೇಳಿದ್ದು ನಿಜ. ಆದರೆ ಮಂತ್ರಿ ಸ್ಕ್ವೇರ್ ಎಲ್ಲಿದೆ ನೋಡು. 2010ರಲ್ಲಿ ಅದು ಶುರುವಾಗಿದ್ದು ರಾಜಾ ಮಿಲ್ ಇದ್ದ ಜಾಗದಲ್ಲಿ, ಸಂಪಿಗೆ ರಸ್ತೆಯ ಒಂದು ತುದಿಯಲ್ಲಿ. 2014ರಲ್ಲಿ ಪಕ್ಕದಲ್ಲೇ ಮೆಟ್ರೋ ಸ್ಟೇಷನ್ ಬಂತು. ಒರಾಯನ್ ಮಾಲ್ ಕೂಡ ಹಾಗೇ, ಕಿರ್ಲೋಸ್ಕರ್ ಕಾರ್ಖಾನೆಯ ದೊಡ್ಡ ಜಾಗದಲ್ಲಿ ಎದ್ದದ್ದು. ನಮ್ಮ ಟಾಕೀಸ್ ಇರುವುದು ರಸ್ತೆಯ ನಟ್ಟನಡುವೆ. ಎರಡೂ ಕಡೆ ಬೈಕ್ ನಿಂತಿರುವಾಗ ಎದುರಿಂದ ಒಂದು ಟೆಂಪೋ ಬಂದರೆ ಆಟೋ ಹಿಂದಕ್ಕೆ ಹೋಗಬೇಕು. ಅಂಥ ರಸ್ತೆಗೆ ನೆಲಮಾಳಿಗೆ ಪಾರ್ಕಿಂಗಿನ ಗೇಟು ತೆಗೆಯುತ್ತಾರಂತೆ!

ಗಿರಾಕಿ ಕೈತಪ್ಪುತ್ತಾರೆ ಅನ್ನೋ ಭಯ ನನಗೆ ಅಷ್ಟಿಲ್ಲ. ನಮ್ಮ ಮ್ಯಾಚಿಂಗ್ ಸೆಂಟರಿಗೆ ಬಂದು ಒಂದು ಗಂಟೆ ಕೂತು ನೋಡು, ಗೊತ್ತಾಗುತ್ತದೆ. ನಿನ್ನೆ ಒಬ್ಬರು ಈರುಳ್ಳಿ ಬಣ್ಣದ ರೇಷ್ಮೆ ಸೀರೆ ತಂದಿದ್ದರು. ಆ ಬಣ್ಣ ಟ್ಯೂಬ್‌ಲೈಟ್ ಕೆಳಗೆ ಒಂದು ಥರ, ಬಿಸಿಲಿನಲ್ಲಿ ಇನ್ನೊಂದು ಥರ. ಮೂರು ಥಾನು ಇಳಿಸಿ, ಸೀರೆ ಸೆರಗು ಹಿಡಿದುಕೊಂಡು ಇಬ್ಬರೂ ಫುಟ್‌ಪಾತಿಗೆ ಹೋಗಿ ನೋಡಿದೆವು. ಹೂವಿನಮ್ಮ ಕೂತಲ್ಲಿಂದಲೇ "ಎರಡನೇದು ಸರಿಹೋಗುತ್ತೆ" ಅಂದರು, ಅದನ್ನೇ ಕತ್ತರಿಸಿದೆ. ಲೈನಿಂಗ್, ಫಾಲ್ ನಮ್ಮಲ್ಲೇ ತಗೊಂಡರು. ಹೊಲಿಗೆಗೆ ಎರಡು ಅಂಗಡಿ ಆಚೆಯ ಟೈಲರ್. ಫಾಲ್ ಹಾಕಿ ಕುಚ್ಚು ಕಟ್ಟುವುದು ಹಿಂದಿನ ಬೀದಿಯಲ್ಲಿ ಮನೆಯಲ್ಲೇ ಕೂತು ಕೆಲಸ ಮಾಡುವ ಹೆಂಗಸು. ಒಂದು ಬ್ಲೌಸ್ ಪೀಸಿನಲ್ಲಿ ನನಗೆ ಉಳಿಯುವುದು ಎಷ್ಟು ಮಹಾ? ಆದರೆ ಆ ಒಂದು ಸೀರೆಯಿಂದ ಇಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅಲ್ವಾ? ಇದನ್ನು ಯಾವ ಶೋರೂಮೂ ನಮ್ಮಿಂದ ಕಿತ್ತುಕೊಳ್ಳಲಾರದು.

ಕಿತ್ತುಕೊಳ್ಳುವುದು ಬಾಡಿಗೆ. ನಮ್ಮದೆಲ್ಲ ಹನ್ನೊಂದು ತಿಂಗಳ ಅಗ್ರಿಮೆಂಟು. ಶಾಪಿಂಗ್ ಸೆಂಟರ್ ಇನ್ನೂ ಕಾಗದದಲ್ಲಿದೆ, ಟೈಲರ್ ಅಂಗಡಿಯ ಓನರ್ ಆಗಲೇ ಅಡ್ವಾನ್ಸ್ ಜಾಸ್ತಿ ಮಾಡಬೇಕು ಅಂದಿದ್ದಾರೆ. ಟೈಲರ್ ಬಿಟ್ಟು ಹೋದರೆ ಆ ಜಾಗಕ್ಕೆ ಮೊಬೈಲ್ ಶೋರೂಮ್ ಬರುತ್ತದೆ. ಆಗ ಬ್ಲೌಸ್ ಪೀಸ್ ತಗೊಂಡವರು ಹೊಲಿಸೋಕೆ ಎಲ್ಲಿಗೆ ಹೋಗಬೇಕು? ಅವರು ಹೋದ ಕಡೆಯೇ ಪೀಸೂ ತಗೊಳ್ಳುತ್ತಾರೆ. ನಾವೆಲ್ಲ ಒಬ್ಬರ ಹಿಂದೆ ಒಬ್ಬರು ಬೀಳುವುದು ಹೀಗೆ.

ಕಟ್ಟುವಾಗಿನ ಕಥೆಯೂ ಇದೆ. ಗಾಂಧಿ ಬಜಾರಿನಲ್ಲಿ ರಸ್ತೆ ಅಗೆದಾಗ ಅಲ್ಲಿಯವರು ವ್ಯಾಪಾರ ಇಲ್ಲದೆ ಎಷ್ಟು ಒದ್ದಾಡಿದರು ಅಂತ ಭಾವನಿಗೆ ಚೆನ್ನಾಗಿ ಗೊತ್ತು. ಇನ್ನು ಪಾರ್ಕಿಂಗ್. ಮಾಲ್ ಒಳಗೆ ದುಡ್ಡು ಕೊಡಬೇಕು ಅಂತ ಜನ ಗಾಡಿ ನಿಲ್ಲಿಸುವುದು ನಮ್ಮ ಅಂಗಡಿ ಮುಂದೆ. ನೀನೂ ಹಾಗೇ ಮಾಡುತ್ತೀಯ, ನನಗೆ ಗೊತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಹೂವು, ಸೊಪ್ಪು ಮಾರುವವರದ್ದು. ಗೇಟಿಗೆ ದಾರಿ ಬೇಕು ಅಂದಾಗ ಮೊದಲು ಎಬ್ಬಿಸುವುದು ಅವರನ್ನೇ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಬೀದಿ ವ್ಯಾಪಾರಿಗಳ ಸರ್ವೆ ಮುಗಿದು ಅವರಿಗೆ ವ್ಯಾಪಾರದ ಸರ್ಟಿಫಿಕೇಟ್ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಆಮೇಲೆ ಜಾಗ ಬದಲಿಸಬೇಕಾದರೂ 30 ದಿನದ ನೋಟಿಸ್ ಕೊಡಬೇಕು. ಇದನ್ನೆಲ್ಲ ನೋಡಿಕೊಳ್ಳೋಕೆ ಅದೇ ಕಾಯ್ದೆ ಹೇಳಿರುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಮಂದಿಯಾದರೂ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಮೊನ್ನೆ ಹೂವಿನಮ್ಮನಿಗೆ ಇದನ್ನೆಲ್ಲ ಹೇಳಿದೆ. "ನನ್ನನ್ನೂ ಕೇಳಬೇಕಾ?" ಅಂದರು. ಹೌದು, ಕೇಳಲೇಬೇಕು.

"ಸರ್ಕಾರ ಮೀಟಿಂಗ್ ಕರೆಯುತ್ತದೆ, ಆಗ ಹೇಳಿ" ಅಂದಿದ್ದೀಯಲ್ಲ, ಅದಕ್ಕೆ ಕಾಯುವ ಹಾಗಿಲ್ಲ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು, 2006ರ ಅಧಿಸೂಚನೆಯಲ್ಲಿದೆ. ಆದರೆ ಗಣಿ, ಕಾರ್ಖಾನೆಗೆ ಜನರ ಅಹವಾಲು ಕೇಳುವ ಹಾಗೆ ಕಟ್ಟಡಗಳಿಗೆ ಕೇಳಬೇಕಾಗಿಲ್ಲ, ಅದೇ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ಯಾರೂ ನಮ್ಮ ಬಾಗಿಲಿಗೆ ಬಂದು ಕೇಳುವುದಿಲ್ಲ. ನಾವೇ ಬರೆದು ಕೊಟ್ಟು ಸೀಲ್ ಹಾಕಿಸಿಕೊಂಡು ಬರಬೇಕು. ನಮ್ಮ ಎದುರಿನ ಪಾತ್ರೆ ಅಂಗಡಿಯವರು ಪ್ಲಾನ್ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದಾರೆ, ಹತ್ತು ರೂಪಾಯಿ ಫೀಸು, 30 ದಿನದೊಳಗೆ ಉತ್ತರ ಕೊಡಬೇಕು.

ಟಾಕೀಸ್ ಹಾಗೇ ಪಾಳುಬಿದ್ದಿರಲಿ ಅಂತ ನಾವ್ಯಾರೂ ಹೇಳುತ್ತಿಲ್ಲ. ಗೇಟು ಹಿಂದಿನ ದೊಡ್ಡ ರಸ್ತೆಗೆ ಇರಲಿ. ಎತ್ತರ ಕಡಿಮೆ ಮಾಡಲಿ. ನೆಲಮಹಡಿಯಲ್ಲಿ ಈ ರಸ್ತೆಯವರಿಗೆ ಕಟ್ಟುವಂಥ ಬಾಡಿಗೆಯಲ್ಲಿ ಸಣ್ಣ ಮಳಿಗೆ ಕೊಡಲಿ. ಹೂವು, ಸೊಪ್ಪಿನವರು ಕೂತ ಕಡೆಯೇ ಕೂರಲಿ. ಇಷ್ಟಕ್ಕೂ ಒಪ್ಪದಿದ್ದರೆ ಬೇಡವೇ ಬೇಡ ಅನ್ನುತ್ತೇವೆ, ನಾನಂತೂ ಹಿಂದೆ ಸರಿಯಲ್ಲ.

ಭಾನುವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ನಮ್ಮಲ್ಲೇ ಎಲ್ಲರೂ ಸೇರುತ್ತೇವೆ. ಕಾರ್ತಿಕ್, ನೀನು ಆಫೀಸಿನಲ್ಲಿ ಇಂಥ ನಕ್ಷೆಗಳನ್ನೇ ನೋಡುತ್ತೀಯಲ್ಲ, ಬಾ. ರಸ್ತೆ ಅಗಲ ಟೇಪ್ ಹಿಡಿದು ಅಳೆಯಬೇಕು, ಎಲ್ಲೆಲ್ಲಿ ಯಾರು ಕೂರುತ್ತಾರೆ ಅಂತ ಒಂದು ಸ್ಕೆಚ್ ಬೇಕು. ಭಾವ, ಅರ್ಜಿಯ ಭಾಷೆ ನೀವೊಂದು ಸಲ ತಿದ್ದಿಕೊಡಿ. ಬರುವಾಗ ಆ ಉದ್ದದ ಟೇಪ್ ಮರೆಯದೆ ತನ್ನಿ, ನಮ್ಮ ಹತ್ತಿರ ಇರುವುದು ಬಟ್ಟೆ ಅಳೆಯುವುದಷ್ಟೇ.